ಯಜಮಾನರನ್ನು ಕೇಳಿ

ಬ್ಯಾಲರಾಟಿನ ಜುಲೈ. ಕಿಟಕಿ ಗಾಜಿಗೆ ಹೊರಗಿನಿಂದ ಮಂಜು,
ಒಳಗಿನಿಂದ ನನ್ನ ಚಹಾದ ಹಬೆ.
ಹಳೆಯ ಕಂಪ್ಯೂಟರು ಸತ್ತು ಎಂಟು ವರ್ಷ;
ಅದರ ಎದೆಯಿಂದ ತೆಗೆದಿಟ್ಟ ಡಿಸ್ಕು
ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ ಗುಂಡಿಗಳ ಜೊತೆ ಮಲಗಿತ್ತು.
ಇವತ್ತು ಹೊಸದಕ್ಕೆ ಸಿಕ್ಕಿಸಿದೆ.
ಗುರ್ ಅಂದಿತು. ತಿರುಗಿತು. ಜೀವ ಇದೆ.

ಹಳದಿ ಫೋಲ್ಡರೊಂದನ್ನು ಒತ್ತಿದರೆ,
ನಿಮಗಿಲ್ಲಿ ಪ್ರವೇಶವಿಲ್ಲ,
ಯಜಮಾನರನ್ನು ಕೇಳಿ, ಎಂದಿತು ಪರದೆ.

ಯಜಮಾನರು!
ಎಷ್ಟು ವರ್ಷವಾಗಿತ್ತು ಈ ಮಾತು ಕಿವಿಗೆ ಬಿದ್ದು.
ಹುಬ್ಬಳ್ಳಿಯ ಬಾಡಿಗೆ ಮನೆಯ ಬಾಗಿಲಿಗೆ
ಗ್ಯಾಸಿನವನು, ವಿಮೆಯವನು, ಜನಗಣತಿಯ ಮಾಸ್ತರು
ಯಾರೇ ಬರಲಿ, ಅವ್ವನ ಹೆಗಲ ಮೇಲಿಂದ ಒಳಗೆ ಇಣುಕಿ
'ಯಜಮಾನ್ರು ಇಲ್ಲೇನ್ರೀ?'
ಅವ್ವ ಕೈಯ ಹಿಟ್ಟು ಒರೆಸುತ್ತ,
'ನಾ ಅದೀನಲ್ರೀ, ಹೇಳ್ರಿ.'
ಅವರು ಹೇಳುತ್ತಿರಲಿಲ್ಲ. ಸಂಜೆ ಬರುತ್ತಿದ್ದರು.

ಈ ಮನೆಗೆ ನಾನೇ ಎಲ್ಲ.
ಸಾಲ ನನ್ನ ಹೆಸರಿಗೆ. ಯಾವ ವಾರ ಯಾವ ಬಣ್ಣದ ಕಸದ ಡಬ್ಬಿ
ಬೀದಿಗೆ ಹೋಗಬೇಕು, ನನಗೇ ಬಾಯಿಪಾಠ.
ಯಂತ್ರಕ್ಕೂ ಹಾಗೇ: ನನ್ನ ಹೆಸರಿನ ಕೆಳಗೆ
ಅಡ್ಮಿನಿಸ್ಟ್ರೇಟರ್ ಎಂದು ಬರೆದಿದೆ, ಹೋಗಿ ನೋಡಿಕೊಂಡು ಬಂದೆ.
ಮತ್ತೆ ಒತ್ತಿದೆ. ಮತ್ತೆ ಅದೇ ರಾಗ.
ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರೆ.
ಇಲ್ಲಿ ದೇವರೂ ನಾನೇ, ಪೂಜಾರಿಯೂ ನಾನೇ,
ಹೊಸ್ತಿಲಾಚೆ ಕಾಯಿ ಹಿಡಿದು ನಿಂತವಳೂ.

ನೆವಿಲ್‌ಗೆ ಫೋನ್ ಹಚ್ಚಿದೆ. ಬೇಲಿಯಾಚೆಯವನು, ಎಪ್ಪತ್ತೆಂಟು,
ಅವನ ಮೇಲಿನ ಸಾಲು ಹಲ್ಲು ನಮ್ಮ ಲ್ಯಾಬಿನಲ್ಲಿ
ನಾನೇ ಅರೆದು, ಹೊಳಪು ಕೊಟ್ಟು ಮಾಡಿದ್ದು.
ಆ ಹಲ್ಲಿನಿಂದಲೇ ಹೇಳಿದ:
'ಬಲಗುಂಡಿ ಒತ್ತು. ಕೆಳಗೆ ಹೋಗು. ಒಡೆಯ ಯಾರಂತೆ?'

ಹೆಸರಿಲ್ಲ.
ಎಸ್, ಒಂದು, ಐದು, ಇಪ್ಪತ್ತೊಂದು,
ಆಮೇಲೆ ಮಾರುದ್ದ ಅಂಕೆ,
ಪಕ್ಕದಲ್ಲಿ ಪುಟ್ಟ ತಲೆ, ತಲೆಯ ಮೇಲೆ ಪ್ರಶ್ನೆಯ ಕೊಕ್ಕೆ.
'ಅದು ಹಳೆ ಮಷೀನಿನಲ್ಲಿ ಇದ್ದವರ ನಂಬರು.
ಖಾತೆ ಹೋಯಿತು, ಬೀಗ ಮಾತ್ರ ಅವರ ಮಾತು ನಡೆಸುತ್ತಿದೆ.
ಯಾರು ಅಂತ ಗೊತ್ತಾ?'

ಗೊತ್ತು.
ಫುಟ್‌ಸ್ಕ್ರೇಯಲ್ಲಿ ನಾಲ್ಕು ಹುಡುಗಿಯರ ಮನೆ,
ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಯಂತ್ರ.
ಇಂದುಮತಿ ಯಾರ ನಾಲಿಗೆಗೂ ಹೊರಳದೆ
ಅರ್ಧಕ್ಕೆ ಕತ್ತರಿಸಿಕೊಂಡ ಕಾಲ.
ಹದಿನಾಲ್ಕು ವರ್ಷ ಹಿಂದಿನ ಇಂದು
ಇಂದಿನ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ
ನೀವು ಯಾರು ಅಂತ ಕೇಳುತ್ತಿದ್ದಾಳೆ.

'ಒಡೆತನ ಬದಲಿಸು ಅಂತ ಇದೆಯಲ್ಲ, ಒತ್ತಿಬಿಡು.'
ಒಂದು ಗಳಿಗೆ ಕೈ ತಡೆಯಿತು.
ಅವಳನ್ನೊಂದು ಮಾತು ಕೇಳಬೇಕಿತ್ತು.
ಕೇಳೋಣವೆಂದರೆ ಎಲ್ಲಿದ್ದಾಳೆ?
ಒತ್ತಿದೆ.
ಹಸಿರು ಪಟ್ಟಿ ತೆವಳಿತು, ಬಸವನಹುಳು ಗೋಡೆ ಹತ್ತಿದ ಹಾಗೆ.

ಪ್ರೇಮಪತ್ರ ಇರಲಿಲ್ಲ.
ಇದ್ದದ್ದು, ರಾತ್ರಿಯಿಡೀ ಕಟಕಟ ಅನ್ನುತ್ತಿದ್ದ ಹೀಟರಿನ
ಹನ್ನೊಂದು ರೆಕಾರ್ಡಿಂಗು, ದಿನಾಂಕ ಸಮೇತ.
ಮನೆಯೊಡೆಯನಿಗೊಂದು ದೂರಿನ ಪತ್ರ, ಏಳು ಕರಡು.
ಏಳೂ 'ತಮ್ಮ ಅಪ್ಪಣೆಯಾದರೆ' ಎಂದೇ ಶುರು.
ಒಂದನ್ನೂ ಕಳಿಸಿರಲಿಲ್ಲ.

ನಾಲ್ಕನೆಯ ರೆಕಾರ್ಡಿಂಗು ಹಾಕಿದೆ.
ಕಟಕಟ. ಕಟಕಟ. ನಡುವೆ ಒಮ್ಮೆಲೇ ಒಂದು ದನಿ, ಚಾಟಿಯ ಹಾಗೆ:
'ಏ ಸುಗುಣಾ, ಬಾಯಿ ಮುಚ್ಚ! ರೆಕಾರ್ಡ್ ಆಗಾಕತ್ತೈತಿ!'

ಫೋನಿನಲ್ಲಿ ನೆವಿಲ್ ಬೆಚ್ಚಿದ. 'ಗದರಿದ್ದು ಯಾರು?'
'ಯಜಮಾನರು,' ಅಂದೆ.
'ಹಾಗಾದರೆ ಅವರಿಗೆ ಹೇಳು,
ಫ್ಯಾನಿಗೆ ತಗಡು ತಾಗುತ್ತಿದೆ.
ಒಂದು ಸ್ಕ್ರೂ ಬಿಗಿದರೆ ಸಾಕು.'